ಅನ್ನದಾನಯ್ಯನವರ ಸಮುದ್ರ

ಅನ್ನದಾನಯ್ಯನವರು ಜನ್ಮದಲ್ಲಿ ಸಮುದ್ರ ಕಂಡವರಲ್ಲ. ಮೀನು ಮುಟ್ಟಿದವರಲ್ಲ. ಈಜು ಮೊದಲೇ ಬಾರದು. ಅಂಥವರನ್ನು ಕೇಳದೆ ಕಾಶಿಯ ಕೇದಾರ ಘಾಟಿನ ಬೆಸ್ತರು ಕೆಲವು ದಿನ ಗಂಗೆಗೆ ಬಲೆ ಹಾಕುತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೂ ಅಡ್ಡಿಯಿಲ್ಲ. ಅವರ ಹೆಂಡತಿ ತುಂಗಾಬಾಯಿಯವರು ಕಣ್ಣಾರೆ ಕಂಡರೂ ಇವತ್ತಿಗೂ ನಂಬಿಲ್ಲ.

ಅಯ್ಯನವರು ಬಯಲುಸೀಮೆಯ ಒಂದು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಗಾಜಿನ ಗೂಡಿನೊಳಗೆ ಕೂತು, ಮೈಕು ಹಿಡಿದು, ಯಾವ ಬಸ್ಸು ಯಾವ ಊರಿಗೆ ಎಂದು ಕೂಗುವ ಕೆಲಸ. ದನಿ ಕಂಚಿನಂಥದು, ಉಚ್ಚಾರ ಸ್ಪಷ್ಟ, ಗತ್ತು ಬೇರೆ. ಮಾಹಿತಿಯೊಂದೇ ಸ್ವಲ್ಪ ಹಿಂದುಮುಂದಾಗುತ್ತಿತ್ತು. ರೋಣದ ಬಸ್ಸನ್ನು ನರಗುಂದಕ್ಕೆ ಎನ್ನುವರು. ಹೊರಟುಹೋದ ಬಸ್ಸನ್ನು ಇನ್ನೇನು ಹೊರಡಲಿದೆ ಎನ್ನುವರು. ಒಮ್ಮೆ ಒಂದು ನಿಬ್ಬಣವೇ ಅವರ ದನಿಯನ್ನು ನಂಬಿ, ಡೊಳ್ಳು ಶಹನಾಯಿಗಳ ಸಮೇತ ಬೇರೆ ಊರಿಗೆ ಹೋಗಿ ಇಳಿದಿತ್ತು. ಆ ಊರಿನವರು ಪಾಪ ಒಳ್ಳೆಯವರು, ಊಟಕ್ಕೆ ಹಾಕಿ ಕಳಿಸಿದರು. ಆದರೆ ಮುಹೂರ್ತ ತಪ್ಪಿತು, ಬೀಗರು ಮುನಿದರು, ಮದುವೆ ಮುರಿಯುವುದಕ್ಕೆ ಕೂದಲೆಳೆ ಉಳಿದಿತ್ತು. ಆ ದಿನದಿಂದ ಅಯ್ಯನವರಿಗೆ ದಾರಿಯಲ್ಲಿ ಬಾಸಿಂಗ ಕಟ್ಟಿದವರು ಎದುರಾದರೆ ಪಕ್ಕದ ಓಣಿ ಹಿಡಿಯುವ ರೂಢಿ.

ನಿವೃತ್ತರಾದ ಮೇಲೆ ಗಂಡಹೆಂಡತಿ ಕಾಶಿಯಲ್ಲೇ ಇದ್ದುಬಿಡುವುದೆಂದು ಬಂದು, ಸೋನಾರ್‌ಪುರದ ರಸ್ತೆಗೂ ಹೊಳೆಗೂ ನಡುವಿನ ಒಂದು ಗಲ್ಲಿಯಲ್ಲಿ ಮಹಡಿಯ ಕೋಣೆ ಹಿಡಿದರು. ತುಂಗಾಬಾಯಿಯವರಿಗೆ ದೇವರಿದ್ದ, ಅಡಿಗೆಯಿತ್ತು, ಕೆಳಗಿನ ಮನೆಯ ಬಂಗಾಳಿ ಹೆಂಗಸಿನೊಡನೆ ಕೈಸನ್ನೆಯಲ್ಲಿ ನಡೆಯುವ ಹರಟೆಯಿತ್ತು. ಅಯ್ಯನವರಿಗೆ ಏನೂ ಇರಲಿಲ್ಲ. ಅಷ್ಟು ದೊಡ್ಡ ದನಿಗೆ ಕೂಗುವುದಕ್ಕೆ ಒಂದು ಬಸ್ಸೂ ಇಲ್ಲ. ಅವರ ಹಿಂದಿಯಾದರೋ ತರಕಾರಿ ಕೊಳ್ಳುವಷ್ಟು. ಅದೂ ಆಲೂಗಡ್ಡೆಯಾದರೆ ಮಾತ್ರ.

ಉಳಿದಿದ್ದೊಂದು ಟ್ರಾನ್ಸಿಸ್ಟರು. ಅದರ ಬೆನ್ನಿಗೆ ರಬ್ಬರ್ ಬ್ಯಾಂಡು, ತಲೆಗೆ ಒಂದು ತಂತಿ, ತಂತಿಯ ಇನ್ನೊಂದು ತುದಿ ಕಿಟಕಿಯಾಚೆಯ ಸರಳಿಗೆ. ಬೆಳಗಿನ ಹೊತ್ತು ಶಾರ್ಟ್‌ವೇವಿನಲ್ಲಿ ಮುಳ್ಳನ್ನು ಕೂದಲಿನಷ್ಟು ಅತ್ತಿತ್ತ ಜರುಗಿಸಿದರೆ, ಯಾವುದೋ ದೇಶದ ಹಾಡು, ಯಾವುದೋ ದೇಶದ ಪ್ರಾರ್ಥನೆ, ಅವುಗಳ ಸಂದಿಯಿಂದ ತೇಲಿಕೊಂಡು ಕನ್ನಡ ವಾರ್ತೆ ಬರುತ್ತಿತ್ತು. ನವೆಂಬರಿನ ಕಾಶಿ ಅಷ್ಟುಹೊತ್ತಿಗೆ ಇನ್ನೂ ಅರೆನಿದ್ದೆಯಲ್ಲಿರುತ್ತದೆ. ಹೊಳೆಯ ಮೇಲೆ ಹೊಗೆಯೋ ಮಂಜೋ ತಿಳಿಯದ ಬಿಳಿಪದರ. ದೋಣಿಗಳು ನೀರಿನ ಮೇಲಿವೆಯೋ ಗಾಳಿಯಲ್ಲಿವೆಯೋ ಎಂಬಂತೆ ನಿಂತಿರುತ್ತವೆ. ಆಚೆ ದಡ ಇನ್ನೂ ಹುಟ್ಟಿರುವುದಿಲ್ಲ. ಆ ಬಿಳುಪಿನೊಳಗಿಂದ ಒಂದು ಹೆಣ್ಣುದನಿ ತಾಲೂಕು ಪಂಚಾಯಿತಿಯ ವಿಷಯ ಹೇಳುತ್ತಿದ್ದರೆ ಅಯ್ಯನವರು ಕಣ್ಣು ಮುಚ್ಚಿ, ಶಿವಶಿವಾ ಎನ್ನುತ್ತ ಕೇಳುವರು. ಮಹಾನಗರಪಾಲಿಕೆಯ ಕಸದ ಸಮಸ್ಯೆಯನ್ನು ಅಷ್ಟು ಭಕ್ತಿಯಿಂದ ಕೇಳಿದವರು ಭೂಮಿಯ ಮೇಲೆ ಇನ್ನೊಬ್ಬರಿರಲಾರರು.

ಅಂಥ ಒಂದು ಬೆಳಿಗ್ಗೆ ವಾರ್ತೆಯ ಕೊನೆಗೆ ಹವಾಮಾನ ಬಂತು. ಗಾಳಿ ಬಿರುಸಾಗಿ ಬೀಸುವ ಸಂಭವವಿರುವುದರಿಂದ ಕರಾವಳಿಯ ಮೀನುಗಾರರು ಮುಂದಿನ ಸೂಚನೆಯವರೆಗೆ ಸಮುದ್ರಕ್ಕೆ ಇಳಿಯಬಾರದು ಎಂದಿತು ದನಿ.

ಮುಂದಿನ ಸೂಚನೆಯವರೆಗೆ. ಈ ಮಾತು ಕಿವಿಗೆ ಬಿದ್ದದ್ದೇ ಅಯ್ಯನವರ ಬೆನ್ನು ನೆಟ್ಟಗಾಯಿತು. ಸೇವೆಯ ಕಾಲದಲ್ಲಿ ಮೈಕಿನ ಮುಂದೆ ಅವರು ಅತ್ಯಂತ ಪ್ರೀತಿಯಿಂದ ಉಚ್ಚರಿಸುತ್ತಿದ್ದ ಮಾತು ಅದು. ಅವರು ಶಾಲು ಹೊದ್ದು, ಘಾಟಿನ ಮೆಟ್ಟಿಲ ಪಕ್ಕದ ಚಹಾ ಅಂಗಡಿಗೆ ಇಳಿದು ಹೋದರು.

ಅಲ್ಲಿ ಬೆಸ್ತರ ಖದೇರು ಮಣ್ಣಿನ ಕುಡಿಕೆಯಲ್ಲಿ ಚಹಾ ಹೀರುತ್ತ ಕೂತಿದ್ದ. ನಸುಕಿಗೇ ಒಂದು ಸುತ್ತು ಬಲೆ ಹಾಕಿ ಬಂದಿದ್ದ, ಎರಡನೆಯದಕ್ಕೆ ಹೊರಡುವುದರಲ್ಲಿದ್ದ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಅಯ್ಯನವರು ಅವನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ರೇಡಿಯೋ ಹೇಳಿದೆ, ಮೀನು ಹಿಡಿಯುವವರು ನೀರಿಗೆ ಇಳಿಯಬಾರದು ಎಂದು ತಮ್ಮ ಹಿಂದಿಯಲ್ಲಿ ಸಾರಿದರು. ಕರಾವಳಿಗೆ ಹಿಂದಿಯಲ್ಲಿ ಏನೆನ್ನುತ್ತಾರೋ ತಿಳಿಯದೆ ಅದನ್ನು ಬಿಟ್ಟರು. ಬಸ್ಸು ಕೂಗುವಾಗಲೂ ಬಾಯಿಗೆ ಬಾರದ ಊರುಗಳನ್ನು ಬಿಡುತ್ತಿದ್ದದ್ದೇ. ಸಮುದ್ರವನ್ನು ಬಿಟ್ಟದ್ದು ಮಾತ್ರ ವಿಚಾರ ಮಾಡಿ. ಸಮುದ್ರದಂಥಾ ಸಮುದ್ರಕ್ಕೇ ಇಳಿಯಬೇಡಿ ಎಂದ ಮೇಲೆ ಹೊಳೆಗೆ ಬೇರೆ ಹೇಳಬೇಕೆ, ನೀರು ನೀರೇ ಅಲ್ಲವೆ ಎಂಬುದು ಅವರ ತರ್ಕ.

ಅಂಗಡಿಯಲ್ಲಿದ್ದವರೆಲ್ಲ ಆಕಾಶ ನೋಡಿದರು, ಅಯ್ಯನವರನ್ನು ನೋಡಿದರು, ನಕ್ಕರು. ಖದೇರು ನಗಲಿಲ್ಲ. ಅವನ ಹೆಂಡತಿ ತೀರಿಕೊಂಡಿದ್ದಳು, ಮಗಳು ಫುಲ್‌ಮತಿಯ ಲಗ್ನ ಹತ್ತಿರವಿತ್ತು, ಮನುಷ್ಯ ಎಲ್ಲದಕ್ಕೂ ಹೆದರುವ ಸ್ಥಿತಿಯಲ್ಲಿದ್ದ. ಹಣೆಗೆ ವಿಭೂತಿ ಬಳಿದ ಮುದುಕರೊಬ್ಬರು ಆ ದನಿಯಲ್ಲಿ ಬೇಡವೆಂದ ಮೇಲೆ ಅವನಿಗೆ ಹುಟ್ಟು ಹಿಡಿಯಲು ಕೈ ಬರಲಿಲ್ಲ. ದೋಣಿಯನ್ನು ಮೆಟ್ಟಿಲವರೆಗೆ ಎಳೆದು ಕಟ್ಟಿಹಾಕಿದ.

ಊಟದ ಹೊತ್ತಿಗೆ ಪಶ್ಚಿಮದಲ್ಲಿ ಒಂದು ಕರಿಗೆರೆ ಕಾಣಿಸಿತು. ಅದು ಗೋಡೆಯಾಗಿ ಎದ್ದು ಊರಿನ ಮಹಡಿಗಳ ಮೇಲಿಂದ ಬಂದು ಘಾಟಿನ ಮೇಲಿನ ಛತ್ರಿಗಳನ್ನೆಲ್ಲ ಎತ್ತಿಕೊಂಡು ಹೋಯಿತು, ಆಮೇಲೆ ಹೊಳೆಯನ್ನು ಅಳಿಸಿತು, ಆಮೇಲೆ ಆಚೆ ದಡದ ರಾಮನಗರದ ಕೋಟೆಯನ್ನು ಅಳಿಸಿತು. ಕಟ್ಟದೆ ಬಿಟ್ಟ ದೋಣಿಗಳು ಒಂದಕ್ಕೊಂದು ಹಾಯ್ದು ಮುರಿದವು. ಆಲಿಕಲ್ಲು ಬಿತ್ತು. ಬೆಳಿಗ್ಗೆ ನಕ್ಕವರಲ್ಲಿ ಒಬ್ಬ ಮಗುಚಿದ ದೋಣಿಯ ಬೆನ್ನು ಹತ್ತಿ, ಅಪ್ಪಾ ಅಮ್ಮಾ ಎನ್ನದೆ, ರೇಡಿಯೋ ಬಾಬಾ, ರೇಡಿಯೋ ಬಾಬಾ ಎಂದು ಕೂಗುತ್ತ ದಡ ಸೇರಿದನಂತೆ. ಅಲ್ಲಿಗೆ ಅಯ್ಯನವರ ನಾಮಕರಣ ಮುಗಿಯಿತು.

ಸಂಜೆ ಮಳೆಯಲ್ಲೇ ಬಾಗಿಲು ತಟ್ಟಿದ ಸದ್ದಾಗಿ ತುಂಗಾಬಾಯಿಯವರು ತೆರೆದರು. ಖದೇರು ಕೈಮುಗಿದು ನಿಂತಿದ್ದ. ಹೊಸಿಲ ಮೇಲೆ, ಬೆಳಗಿನ ಬಲೆಯಲ್ಲಿ ಸಿಕ್ಕಿದ ಒಂದು ಮೀನು, ಪತ್ರಿಕೆಯ ಹಾಳೆಯ ಮೇಲೆ ಮಲಗಿ ಅವರನ್ನೇ ನೋಡುತ್ತಿತ್ತು.

ಜಂಗಮರ ಮನೆ. ಒಳಗೆ ಲಿಂಗಪೂಜೆಗೆ ನೆನೆಸಿದ ಬಿಲ್ವಪತ್ರೆ. ತುಂಗಾಬಾಯಿಯವರು ಕೂಗಲಿಲ್ಲ, ಬೀಳಲಿಲ್ಲ. ಗಂಡನ ಕಡೆಗೆ ತಿರುಗಿ, ಬಲು ಶಾಂತವಾಗಿ, "ಏನ್ರೀ, ನಿಮ್ಮನ್ನ ಕೇಳ್ಕೊಂಡು ಯಾರೋ ಬಂದಾರ ನೋಡ್ರಿ," ಎಂದರು. ಖದೇರುವನ್ನೋ ಮೀನನ್ನೋ ಎಂಬುದು ಅಯ್ಯನವರಿಗೆ ಇಂದಿಗೂ ಸ್ಪಷ್ಟವಾಗಿಲ್ಲ. ಮೀನು ಕೆಳಗಿನ ಮನೆಯ ಬಂಗಾಳಿಗಳಿಗೆ ಹೋಯಿತು. ಹೊಸಿಲನ್ನು ಮೊದಲು ಸೆಗಣಿಯಿಂದ, ಆಮೇಲೆ ಗಂಗಾಜಲದಿಂದ, ಕೊನೆಗೆ ವಿಮ್ ಪುಡಿಯಿಂದ ತೊಳೆದರು.

ಮಳೆ ನಿಂತಮೇಲೆ ಮಂದಿ ಬರತೊಡಗಿದರು. ಹಪ್ಪಳ ಒಣಗಿಸುವವಳು ಬಂದಳು. ಮದುವೆಗೆ ಶಾಮಿಯಾನ ಹಾಕುವವನು ಬಂದ. ಅಗಸರು ಬಂದರು. ಊರ ದಕ್ಷಿಣದ ಲಂಕಾ ಬಡಾವಣೆಯಿಂದ ಒಬ್ಬ ಕೋಚಿಂಗ್ ಹುಡುಗ ಪರೀಕ್ಷೆಯ ಫಲಿತಾಂಶವೂ ಇದರಲ್ಲಿ ಬರುತ್ತದೆಯೇ ಎಂದು ಕೇಳಿಕೊಂಡು ಬಂದ. ಅಯ್ಯನವರು ಯಾರಿಗೂ ಸುಳ್ಳು ಹೇಳಲಿಲ್ಲ. ರೇಡಿಯೋ ಏನೆಂದಿತೋ ಅದನ್ನೇ, ಬಿಡಬೇಕಾದ್ದನ್ನು ಬಿಟ್ಟು ಹೇಳಿದರು. ಆ ಹೆಣ್ಣುದನಿ ದಿನ ಬೆಳಗಾದರೆ ಅದನ್ನೇ ಹೇಳುತ್ತಿತ್ತು: ಗಾಳಿಯಿದೆ, ಇಳಿಯಬಾರದು, ಮುಂದಿನ ಸೂಚನೆಯವರೆಗೆ.

ಇತ್ತ ಕಾಶಿಯಲ್ಲಿ ಗಾಳಿ ಎಲ್ಲಿದೆ? ಮೋಡದ ಸಾಲು ಬಂದ ಹಾಗೆಯೇ ಪೂರ್ವಕ್ಕೆ ದಾಟಿಹೋಗಿತ್ತು. ಮಳೆ ತೊಳೆದ ಘಾಟುಗಳ ಮೇಲೆ ಎಳೆಬಿಸಿಲು ಬಿದ್ದು, ಹೊಳೆ ತುಪ್ಪದ ಹಾಗೆ ಮಂದವಾಗಿ, ಸದ್ದಿಲ್ಲದೆ, ತಾನು ಹರಿಯುತ್ತಿದ್ದೇನೆಂಬುದನ್ನೇ ಮರೆತಂತೆ ಹರಿಯುತ್ತಿತ್ತು. ಮೀನುಗಳು ನಡುಹೊಳೆಯಲ್ಲಿ ನೆಗೆದು ಬಿಸಿಲು ನೋಡಿ ಮತ್ತೆ ಮುಳುಗುತ್ತಿದ್ದವು. ಬೆಸ್ತರು ಮೆಟ್ಟಿಲ ಮೇಲೆ ಸಾಲಾಗಿ ಕೂತು ಅವನ್ನೇ ನೋಡುತ್ತಿದ್ದರು. ಹೋಗೋಣವೇ ಎನ್ನುವನೊಬ್ಬ. ಆವತ್ತೂ ಹೀಗೇ ಬಿಸಿಲಿತ್ತಲ್ಲ ಎನ್ನುವನು ಇನ್ನೊಬ್ಬ. ಎಲ್ಲರೂ ತಲೆಯೆತ್ತಿ ಮಹಡಿಯ ಕಿಟಕಿಗೆ ಕಟ್ಟಿದ ತಂತಿಯನ್ನು ನೋಡುವರು. ತಂತಿಯ ಮೇಲೆ ತುಂಗಾಬಾಯಿಯವರ ಒದ್ದೆ ಸೀರೆ ತೂಗುತ್ತಿರುತ್ತಿತ್ತು. ಅದೂ ಏನನ್ನೋ ಸೂಚಿಸುತ್ತದೆಂದು ಕೆಲವರ ಅಭಿಪ್ರಾಯ.

ಸೋನಾರ್‌ಪುರದ ಮೀನಿನ ಕಟ್ಟೆ ಬರಿದಾಯಿತು. ಬಂಗಾಳಿಗಳ ಮನೆಗಳಲ್ಲಿ ಶೋಕ ಕವಿಯಿತು. ಕೆಳಗಿನ ಮನೆಯ ಗೃಹಸ್ಥರು, ರೈಲ್ವೆಯಿಂದ ನಿವೃತ್ತರಾದ ಗಂಭೀರ ಮನುಷ್ಯ, ಮೇಲೆ ಬಂದು, ನಿಮ್ಮ ಧರ್ಮವನ್ನು ನಾನು ಗೌರವಿಸುತ್ತೇನೆ, ಆದರೆ ಇಡೀ ಊರನ್ನು ಸಸ್ಯಾಹಾರಿ ಮಾಡುವ ಈ ದಾರಿ ಸರಿಯಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಉತ್ತರಕ್ಕೆ ಕಾಯದೆ ಇಳಿದುಹೋದರು.

ಹೊಳೆಕಾವಲಿನ ಹವಾಲ್ದಾರರೂ ಬಂದರು. ದೋಣಿಗಳನ್ನು ತಡೆದವರು ಯಾರು, ಯಾವ ಇಲಾಖೆ, ಆದೇಶ ಎಲ್ಲಿದೆ ಎಂದು ಮೀಸೆ ತಿರುವಿದರು. ಖಾಕಿ ಬಟ್ಟೆ ಕಂಡದ್ದೇ ಅಯ್ಯನವರಿಗೆ ಡಿಪೋ ಮ್ಯಾನೇಜರು ತಪಾಸಣೆಗೆ ಬಂದ ಹಾಗಾಗಿ, ಎದ್ದು ನಿಂತು, ಕಂಚಿನ ಕಂಠದಲ್ಲಿ, ಮುಂದಿನ ಸೂಚನೆಯವರೆಗೆ ಎಂದರು. ಅದೂ ಕನ್ನಡದಲ್ಲಿ. ಹವಾಲ್ದಾರರು ಮೀಸೆಯಿಂದ ಕೈ ತೆಗೆದರು. ಆಮೇಲೆ ದನಿ ತಗ್ಗಿಸಿ, ಹಾಗಾದರೆ ಮನೆಯಲ್ಲಿ ರಜಾಯಿ ಬಿಚ್ಚಿ ಹತ್ತಿ ಒಣಹಾಕಿದ್ದೇನೆ, ಎತ್ತಿಡಲೇ ಎಂದು ಕೇಳಿದರು.

ಭಾನುವಾರ ಡಾಕ್ಟರ್ ಸುಧನ್ವ ಬಂದರು. ಇವರು ಮೈಸೂರಿನವರು, ಲಂಕಾದ ಆಚೆಯ ವಿಶ್ವವಿದ್ಯಾಲಯದಲ್ಲಿ ಗಿಡಗಳ ರೋಗದ ಸಂಶೋಧನೆ ಮಾಡುವವರು. ವಾರಕ್ಕೊಮ್ಮೆ ತುಂಗಾಬಾಯಿಯವರ ಜೋಳದ ರೊಟ್ಟಿ ತಿಂದು ಕನ್ನಡ ಮಾತಾಡಿ ಹೋಗುವುದು ಅವರ ಪದ್ಧತಿ. ಎರಡರಲ್ಲಿ ಯಾವುದು ಮುಖ್ಯ ಎಂದು ಅವರು ಹೇಳಿದವರಲ್ಲ. ಬೆಳಗಿನ ರೊಟ್ಟಿ ಬಡಿಯುತ್ತಿರುವಾಗ ಟ್ರಾನ್ಸಿಸ್ಟರು ಹವಾಮಾನಕ್ಕೆ ಬಂತು. ಅಯ್ಯನವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಕೇಳಿ, ಎದ್ದು, ಕಿಟಕಿಯಿಂದ ಕೆಳಗೆ ಕಾದಿದ್ದವರಿಗೆ ತಲೆಯಲ್ಲಾಡಿಸಿ, ನಹೀಂ ಎಂದರು. ಕೆಳಗೆ ಒಂದು ನಿಟ್ಟುಸಿರು ಸಾಲು ಹಿಡಿದು ಘಾಟಿನವರೆಗೆ ಹೋಯಿತು.

ಸುಧನ್ವರಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ರೊಟ್ಟಿ ಗಂಟಲಿಗೆ ಸಿಕ್ಕಿತು. ನೀರು ಕುಡಿದು, ಕಣ್ಣೊರೆಸಿಕೊಂಡು, "ಅಯ್ಯನವರೇ, ಇದು ಮಲ್ಪೆಯವರಿಗೆ ಹೇಳ್ತಿರೋದು," ಎಂದರು.

"ಮಲ್ಪೆ ಅಂದ್ರ?"

"ಉಡುಪಿ ಹತ್ರ. ಅರಬ್ಬೀ ಸಮುದ್ರ. ಅಲ್ಲಿ ಚಂಡಮಾರುತ ಎದ್ದು ಅಲ್ಲೇ ಸುತ್ತಾಡ್ತಿದೆ. ಇಲ್ಲಿ ಬಂದು ಹೋದ ಮಳೆಯೇ ಬೇರೆ, ಅದು ಪಂಜಾಬಿನ ಕಡೆಯಿಂದ ಬಂದದ್ದು. ಅದಕ್ಕೂ ಇದಕ್ಕೂ ಯಾವ ಸಂಬಂಧಾನೂ ಇಲ್ಲ."

ಅಯ್ಯನವರು ಟ್ರಾನ್ಸಿಸ್ಟರನ್ನು ಆರಿಸಿದರು. ಆಮೇಲೆ, "ಗಂಗೀ ನೀರೂ ಹೋಗಿ ಸಮುದ್ರಾನ ಕೂಡತೈತಲ್ರೀ," ಎಂದರು. ಅದು ಬೇರೆ ಸಮುದ್ರ ಎಂದರು ಸುಧನ್ವ. ಸಮುದ್ರಗಳು ಒಂದಕ್ಕಿಂತ ಹೆಚ್ಚು ಇರುವ ಸಂಗತಿ ಇಂಥ ಹೊತ್ತಿನಲ್ಲಿ ಹೊರಬಿದ್ದದ್ದು ಅಯ್ಯನವರಿಗೆ ಅನ್ಯಾಯವೆನಿಸಿತು.

ಒಲೆಯ ಮುಂದಿನಿಂದ ತುಂಗಾಬಾಯಿಯವರು ಮಾತ್ರ ತಲೆಯೆತ್ತದೆ, "ಹಂಗಾರ ಆ ಹುಡುಗಿ ಗತಿ ಏನ್ರೀ?" ಎಂದರು.

ಆ ಹುಡುಗಿಯೆಂದರೆ ಫುಲ್‌ಮತಿ. ಕಥೆ ಇಲ್ಲಿಯವರೆಗೆ ನಗುವಂಥದಾಗಿತ್ತು, ಇಲ್ಲಿಂದ ಸ್ವಲ್ಪ ಬಿಗಿಯಾಗುತ್ತದೆ. ಮರುದಿನ ಅವಳ ತಿಲಕ. ಹುಡುಗಿಯ ಕಡೆಯವರು ಹುಡುಗನ ಮನೆಗೆ ಬುಟ್ಟಿ ಹೊತ್ತು ಹೋಗಬೇಕು; ಬುಟ್ಟಿಯಲ್ಲಿ ಒಂದು ಗಡಿಗೆ ಮೊಸರು, ಪಕ್ಕದಲ್ಲಿ ಒಂದು ದೊಡ್ಡ ರೋಹು ಮೀನು. ಖದೇರುವಿನ ಮನೆತನದ ರೀತಿಯೇನೆಂದರೆ ಆ ಮೀನನ್ನು ಹುಡುಗಿಯ ತಂದೆ ತನ್ನ ಬಲೆಯಲ್ಲಿ, ಆ ದಿನವೇ ಹಿಡಿದಿರಬೇಕು. ಕೊಂಡು ತಂದದ್ದಾದರೆ ಬೀಗರು ಬುಟ್ಟಿಯನ್ನು ಹೊಸಿಲು ದಾಟಿಸುವುದಿಲ್ಲ. ಕೊಳ್ಳೋಣವೆಂದರೂ ಕಟ್ಟೆಯಲ್ಲಿ ಮೀನಿಲ್ಲ. ಹುಡುಗನ ಚಿಕ್ಕಪ್ಪನಿಗೆ ಈ ಸಂಬಂಧ ಮೊದಲೇ ಒಲ್ಲದಾಗಿತ್ತು, ತಾಯಿಯಿಲ್ಲದ ಮನೆಯ ಹುಡುಗಿ ಎಂದು ಮೂಗು ಮುರಿದಿದ್ದ, ಒಂದು ಕೊಂಕಿಗಾಗಿ ಕಾದು ಕೂತಿದ್ದ.

ಸುಧನ್ವರ ಜೊತೆ ಅಯ್ಯನವರು ಅಂದೇ ಘಾಟಿಗೆ ಇಳಿದರು. ಬೆಸ್ತರನ್ನೆಲ್ಲ ಕೂಡಿಸಿ, ಇಷ್ಟು ದಿನ ನಾನು ಹೇಳಿದ್ದು ನಿಮ್ಮ ಹೊಳೆಯ ಮಾತಲ್ಲ, ನಮ್ಮ ಕಡೆಯ ಸಮುದ್ರದ ಮಾತು, ನೀವು ಹೋಗಬಹುದು ಎಂದರು. ಸುಧನ್ವ ಅದನ್ನು ಒಳ್ಳೆಯ ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದರು.

ಯಾರೂ ಒಪ್ಪಲಿಲ್ಲ. ನಿಮ್ಮ ಸಮುದ್ರ ಎಷ್ಟು ದೂರ ಎಂದು ಕೇಳಿದರು. ರೈಲಿನಲ್ಲಿ ಕೂತರೆ ಬುತ್ತಿ ಹಳಸುವಷ್ಟು ದೂರ ಎಂದರು ಅಯ್ಯನವರು. ಅಷ್ಟು ದೂರದ ಗಾಳಿಯ ಸುದ್ದಿ ಕೇಳಿಯೂ ಇಲ್ಲಿ ಆಲಿಕಲ್ಲು ಬೀಳುವುದನ್ನು ಹೇಳಿದರಲ್ಲ ಎಂದು ಬೆಸ್ತರಿಗೆ ಭಕ್ತಿ ಇನ್ನೂ ಹೆಚ್ಚಾಯಿತು. ದೋಣಿಯ ಬೆನ್ನು ಹತ್ತಿ ಬದುಕಿದವನಿಗಂತೂ ಸಂಶಯವೇ ಇರಲಿಲ್ಲ. ಬಾಬಾಗೆ ಏನೋ ಕೆಟ್ಟದ್ದು ಗೊತ್ತಾಗಿದೆ, ನಮ್ಮನ್ನು ಹೆದರಿಸಬಾರದೆಂದು ಹೀಗೆ ಹೇಳುತ್ತಿದ್ದಾರೆ, ಅದಕ್ಕೇ ಸಾಕ್ಷಿಗೆ ಡಾಕ್ಟರನ್ನು ಕರೆತಂದಿದ್ದಾರೆ, ಸುಮ್ಮನೆ ಯಾರಾದರೂ ಡಾಕ್ಟರನ್ನು ಕರೆಯುತ್ತಾರೆಯೇ ಎಂದ. ಸುಧನ್ವ ತಾವು ಗಿಡಗಳ ಡಾಕ್ಟರು ಎಂದು ವಿವರಿಸಿದರು. ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಅಯ್ಯನವರು ಸೋತು ಮನೆಗೆ ಬಂದಾಗ ಮಹಡಿಯ ಮೆಟ್ಟಿಲ ಮೇಲೆ ಫುಲ್‌ಮತಿ ಕೂತಿದ್ದಳು. ಕೈಗೆ ಅರಿಸಿನ ಹಚ್ಚಿದ್ದರು. ತುಂಗಾಬಾಯಿಯವರು ಅವಳ ಎದುರಿಗೆ ಕೂತಿದ್ದರು. ಇಬ್ಬರ ನಡುವೆ ಒಂದು ಭಾಷೆಯೂ ಇಲ್ಲ, ಆದರೂ ಮಾತು ಮುಗಿದಿತ್ತು. ಅಪ್ಪ ಬಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ, ಹೋದರೆ ಏನಾಗುವುದೋ, ಅವನಿಗೇನಾದರೂ ಆದರೆ ನನಗೆ ಇನ್ನಾರು ಎಂದು ನಾನೇ ಹೋಗಬೇಡ ಎಂದಿದ್ದೇನೆ ಎಂದಳು ಹುಡುಗಿ. ಬಾಬಾ ದೋಣಿಯಲ್ಲಿ ಜೊತೆಗೆ ಕೂತರೆ ಮಾತ್ರ ಕಳಿಸುತ್ತೇನೆ. ಬಾಬಾ ಇರುವ ದೋಣಿಯನ್ನು ಗಾಳಿ ಮುಟ್ಟುವುದಿಲ್ಲ ಎಂದೂ ಸೇರಿಸಿದಳು.

ಅಯ್ಯನವರು ಅಲ್ಲಿಯೇ ಗೋಡೆ ಹಿಡಿದರು. ಗಂಗೆಯಲ್ಲಿ ಮೀಯುವಾಗಲೂ ಘಾಟಿನ ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಳುಗು ಹಾಕುವವರು ಅವರು. ಹೊಸಿಲ ಮೇಲಿನ ಮೀನಿಗೇ ಮನೆಯನ್ನು ವಿಮ್ ಪುಡಿಯಲ್ಲಿ ತೊಳೆದ ಹೆಂಡತಿಯನ್ನು ಅವರು ಆಸೆಯಿಂದ ನೋಡಿದರು. ಈಕೆ ಬೇಡವೆನ್ನುತ್ತಾಳೆ, ಖಂಡಿತ.

ತುಂಗಾಬಾಯಿಯವರು ಎದ್ದರು. "ಒಂದು ನಿಬ್ಬಣ ದಾರಿ ತಪ್ಪಿಸಿದ್ದು ಸಾಕಾಗಿಲ್ಲೇನ್ರೀ ನಿಮಗ? ಹೋಗ್ರಿ. ಮೀನು ಬಂದಾಗ ಕಣ್ಣು ಮುಚ್ಕೊಳ್ರಿ."

ಮರುದಿನ ಮುಂಜಾವದಲ್ಲಿ ಆಕೆಯೇ ಗಂಡನನ್ನು ಘಾಟಿಗೆ ಕರೆದುಕೊಂಡು ಬಂದರು. ಕೊರಳಿಗೆ ಟ್ರಾನ್ಸಿಸ್ಟರನ್ನು ದಾರದಲ್ಲಿ ಕಟ್ಟಿದ್ದರು. ಲಿಂಗದ ಪಕ್ಕಕ್ಕೆ ಅದು, ಅದರ ಪಕ್ಕಕ್ಕೆ ಲಿಂಗ. ತಲೆಗೆ ಮಂಗನಟೋಪಿ. ಕೇದಾರ ಘಾಟಿನಲ್ಲಿ ಎಷ್ಟೋ ತರದ ಸಾಧುಗಳನ್ನು ಕಂಡವರೂ ಎದ್ದು ನಿಂತು ನಮಸ್ಕಾರ ಮಾಡಿದರು. ಖದೇರು ಕೈಹಿಡಿದು ಹತ್ತಿಸಿದ. ದೋಣಿ ಒಮ್ಮೆ ತೂಗಿತು. ಅಯ್ಯನವರು ಕೂತಲ್ಲೇ ದೋಣಿಯ ಎರಡೂ ಅಂಚನ್ನು ಹಿಡಿದರು, ಬಿಡಲಿಲ್ಲ.

ದಡ ಹಿಂದೆ ಸರಿಯಿತು. ಮೊದಲು ತುಂಗಾಬಾಯಿಯವರ ಮುಖ ಮಂಜಿನಲ್ಲಿ ಕರಗಿತು, ಆಮೇಲೆ ಮೆಟ್ಟಿಲು, ಆಮೇಲೆ ಗುಡಿಯ ಗಂಟೆಯ ಸದ್ದಿಗೆ ಗುಡಿಯೇ ಇಲ್ಲವಾಯಿತು. ಮೇಲೂ ಬಿಳುಪು, ಕೆಳಗೂ ಬಿಳುಪು. ಹುಟ್ಟು ನೀರಿಗೆ ಬೀಳುವ ಶಬ್ದ ಮಾತ್ರ, ಯಾರೋ ನಿದ್ದೆಯಲ್ಲಿ ಹೂಂಗುಟ್ಟಿದ ಹಾಗೆ. ಹೆದರುವುದಕ್ಕೆ ಕೂಡ ಏನೂ ಕಾಣುತ್ತಿರಲಿಲ್ಲ. ಅಯ್ಯನವರು ಒಂದು ಕೈ ಬಿಟ್ಟರು, ಸ್ವಲ್ಪ ಹೊತ್ತಿಗೆ ಇನ್ನೊಂದು ಕೈ ಬಿಟ್ಟರು, ಮುಳ್ಳು ತಿರುಗಿಸಿದರು.

ನೀರಿನ ಮೇಲೆ ಎಂದಿಗಿಂತ ಸ್ಪಷ್ಟವಾಗಿ ದನಿ ಬಂತು. ಪಂಚಾಯಿತಿ ಬಂತು, ಕಸ ಬಂತು, ಹವಾಮಾನ ಬಂತು. ಖದೇರು ಹುಟ್ಟು ನಿಲ್ಲಿಸಿ, ಬಲೆಯನ್ನು ಭುಜಕ್ಕೆ ಹಾಕಿಕೊಂಡು, ಏನಂತೆ ಎಂದ.

ಹೂಂ ಎಂದುಬಿಟ್ಟರೆ ಕೆಲಸ ಆಗುತ್ತಿತ್ತು. ಆದರೆ ಮಂಜಿನೊಳಗೆ ಎದುರಿಗೆ ಕೂತವನ ಮುಖ ಬಹಳ ಹತ್ತಿರವಿತ್ತು. ಅಯ್ಯನವರು ಈ ಸಲ ಒಂದೂ ಊರನ್ನು ಬಿಡಲಿಲ್ಲ. ಸಿಕ್ಕ ಹಿಂದಿಯಲ್ಲಿ, ಸಿಗದ ಕಡೆ ಕೈಯಲ್ಲಿ, ಮಲ್ಪೆಯೆಂಬ ಊರು, ಅದರಾಚೆ ದಡವೇ ಇಲ್ಲದ ನೀರು, ಅಲ್ಲಿ ನಿನ್ನಂಥ ಬೆಸ್ತರು, ಅವರಿಗೆ ಇವತ್ತೂ ಬೇಡ ಎಂದಿದ್ದಾರೆ, ಅವರ ಮೇಲೆ ಗಾಳಿಯಿದೆ, ನಿನ್ನ ಮೇಲಿಲ್ಲ ಎಂದರು.

ಖದೇರು ಎಲ್ಲವನ್ನೂ ಕೇಳಿದ. ಇಷ್ಟು ದಿನವೂ ಬೇಡವೆಂದದ್ದು ಅವರಿಗೇನೇ ಎಂದು ಕೇಳಿದ. ಅವರಿಗೇ ಎಂದರು ಅಯ್ಯನವರು. ಅವನು ಬಲೆಯನ್ನು ಮೆಲ್ಲಗೆ ಕೆಳಗಿಟ್ಟ.

"ಬಾಬಾ, ಅಲ್ಲಿಯೂ ಹೆಣ್ಣುಮಕ್ಕಳ ಲಗ್ನ ಇದೇ ತಿಂಗಳಲ್ಲಿ ಬರುತ್ತವೇನು?"

ಅಯ್ಯನವರಿಗೆ ತಿಳಿಯದು. ಮಲ್ಪೆಯ ಹೆಸರನ್ನೇ ನಿನ್ನೆ ಕೇಳಿದವರು. ಆದರೂ, "ಬರ್ತಾವಪ್ಪಾ," ಎಂದರು, ಕನ್ನಡದಲ್ಲೇ. ಖದೇರುವಿಗೆ ತಿಳಿಯಿತು.

ದೋಣಿಯ ಮೂಲೆಯ ಬುಟ್ಟಿಯಲ್ಲಿ ಮಗಳ ತಿಲಕಕ್ಕೆಂದು ಗಂಗೆಗೆ ಬಿಡಲು ತಂದ ಎಲೆದೊನ್ನೆಯ ದೀಪವಿತ್ತು. ಅವನು ಅದನ್ನು ಹಚ್ಚಿ, ಅವರಿರುವುದು ಯಾವ ದಿಕ್ಕು ಎಂದು ಕೇಳಿದ. ಮಂಜಿನಲ್ಲಿ ಅಯ್ಯನವರಿಗೆ ಯಾವ ದಡವೂ ಕಾಣುತ್ತಿರಲಿಲ್ಲ. ಗತ್ತಿನಿಂದ ಒಂದು ಕಡೆ ತೋರಿಸಿದರು. ಅದು ಬಿಹಾರದ ದಿಕ್ಕು. ದೀಪ ಅತ್ತ ಹೊರಟಿತು. ಹೊಳೆ ಹರಿಯುವುದೂ ಅತ್ತಲೇ ಆದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಆಮೇಲೆ ಖದೇರು ಎದ್ದು ನಿಂತು ಬಲೆ ಬೀಸಿದ. ಬಲೆ ಮಂಜಿನಲ್ಲಿ ಒಂದು ದೊಡ್ಡ ಹೂವಿನಂತೆ ಬಿಚ್ಚಿ, ಸದ್ದಿಲ್ಲದೆ ಇಳಿಯಿತು. ಅಯ್ಯನವರು ಹೆಂಡತಿ ಹೇಳಿದ ಮಾತಿನಂತೆ ಕಣ್ಣು ಮುಚ್ಚಿದರು. ದೋಣಿ ಒಂದು ಪಕ್ಕಕ್ಕೆ ವಾಲಿತು. ಏನೋ ಹಲಗೆಯ ಮೇಲೆ ಬಿದ್ದು ಧಪಧಪ ಬಡಿಯಿತು, ಅವರ ಪಾದಕ್ಕೆ ತಣ್ಣಗೆ ತಗುಲಿತು. ಖದೇರು ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯದೆ ಅಯ್ಯನವರು ಒಂದೇ ಒಂದು ಕಣ್ಣು ತೆರೆದರು. ಬಸ್ಸಿನ ಬಾಗಿಲಿನಷ್ಟಿತ್ತು ಎಂದು ಅವರು ಆಮೇಲೆ ಎಲ್ಲರಿಗೂ ಹೇಳಿದ್ದುಂಟು. ಅವರ ಮಾಹಿತಿಯ ವಿಷಯ ನಿಮಗೆ ಮೊದಲೇ ತಿಳಿಸಿದ್ದೇನೆ.

ಬುಟ್ಟಿ ಹೊಸಿಲು ದಾಟಿತು. ಹುಡುಗನ ಚಿಕ್ಕಪ್ಪ ಮೀನನ್ನು ತಿರುಗಿಸಿ ಮುರುಗಿಸಿ ನೋಡಿ, ಕೊಂಕಿಗೆ ಜಾಗ ಸಿಗದೆ, ಮೊಸರು ಸ್ವಲ್ಪ ಹುಳಿಯಾಗಿದೆ ಎಂದನಂತೆ. ಅದೇ ಮೆರವಣಿಗೆಯಲ್ಲಿ ಇನ್ನೊಂದು ಬುಟ್ಟಿಯೂ ಹೋಗಿತ್ತು. ಅದರಲ್ಲಿ ತುಂಗಾಬಾಯಿಯವರು ಮಾಡಿದ ಶೇಂಗಾ ಹೋಳಿಗೆ. ಮೀನಿನ ಬುಟ್ಟಿಗೂ ಹೋಳಿಗೆಯ ಬುಟ್ಟಿಗೂ ನಡುವೆ ಹತ್ತು ಮಂದಿಯಾದರೂ ನಡೆಯಬೇಕೆಂದು ಕರಾರು ಮಾಡಿ ಕೊಟ್ಟಿದ್ದರು.

ಅಂದಿನಿಂದ ಬೆಸ್ತರು ತಮ್ಮ ಹೊಳೆಗೆ ತಾವೇ ಹೋಗಿಬರುತ್ತಿದ್ದರು. ಆದರೆ ಬೆಳಿಗ್ಗೆ ಕಿಟಕಿಯ ಕೆಳಗೆ ಬಂದು ನಿಲ್ಲುವುದನ್ನು ಬಿಡಲಿಲ್ಲ. ಈಗ ಕೇಳುವ ಪ್ರಶ್ನೆ ಬೇರೆ. ಬಾಬಾ, ನಿಮ್ಮ ಸಮುದ್ರ ಹೇಗಿದೆ ಇವತ್ತು? ಅಯ್ಯನವರು ಮೇಲಿನಿಂದ ತಲೆಯಲ್ಲಾಡಿಸುವರು. ಕೆಳಗಿನವರು ಚಚ್ ಎಂದು, ಒಂದು ದೀಪ ಬಿಟ್ಟು, ತಮ್ಮ ಕೆಲಸಕ್ಕೆ ಹೊರಡುವರು. ಹವಾಲ್ದಾರರು ಕೂಡ ಗಸ್ತಿನಲ್ಲಿ ಹಾದುಹೋಗುವಾಗ, ಆ ಪಾಪದವರಿಗೆ ಇನ್ನೂ ಬಿಟ್ಟಿಲ್ಲವೇ ಎಂದು ವಿಚಾರಿಸುವರು. ಬಯಲುಸೀಮೆಯ ಅನ್ನದಾನಯ್ಯನವರು ಹೀಗೆ ಇದ್ದಕ್ಕಿದ್ದಂತೆ ಒಂದು ಇಡೀ ಸಮುದ್ರಕ್ಕೆ ಜವಾಬ್ದಾರರಾದರು.

ಒಂದು ಮುಂಜಾನೆ ವಾರ್ತೆಯ ಕೊನೆಗೆ ದನಿ ಬೇರೆ ಮಾತು ಹೇಳಿತು. ಅಯ್ಯನವರು ಕಿಟಕಿಗೆ ಹೋಗಲಿಲ್ಲ. ಟ್ರಾನ್ಸಿಸ್ಟರನ್ನು ತಂತಿಯೊಂದಿಗೆ ಕಿತ್ತುಕೊಂಡು, ಒದ್ದೆ ಸೀರೆಯ ಸಮೇತ, ಬರಿಗಾಲಲ್ಲಿ ಗಲ್ಲಿಗೆ ಇಳಿದು ಘಾಟಿನ ಮೆಟ್ಟಿಲ ತುದಿಗೆ ಬಂದು ನಿಂತರು. ಕೆಳಗೆ ಮಂಜಿನಲ್ಲಿ ದೋಣಿಗಳು ಹೊರಡಲು ಸಿದ್ಧವಾಗಿದ್ದವು. ಖದೇರು ತಲೆಯೆತ್ತಿ ನೋಡಿದ. ಅಯ್ಯನವರು ಗಂಟಲು ಸರಿಮಾಡಿಕೊಂಡರು. ವರ್ಷಗಟ್ಟಲೆ ಕೆಲಸವಿಲ್ಲದೆ ಬಿದ್ದಿದ್ದ ಆ ಕಂಚಿನ ದನಿ, ಅಚ್ಚ ಕನ್ನಡದಲ್ಲಿ, ನಿಧಾನವಾಗಿ, ಹೊಳೆಯ ಈ ದಡದಿಂದ ಆ ದಡಕ್ಕೆ ಹೋಯಿತು:

"ಪ್ರಯಾಣಿಕರ ಗಮನಕ್ಕೆ. ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕಾರವಾರ. ಎಲ್ಲಾ ದೋಣಿಗಳೂ ಹೊರಟವು."

ಘಾಟಿನಲ್ಲಿ ಒಬ್ಬರಿಗೂ ಕನ್ನಡ ಬಾರದು. ದೋಣಿಗಳಲ್ಲಿದ್ದವರೆಲ್ಲ ಹುಟ್ಟನ್ನು ಮೇಲಕ್ಕೆತ್ತಿ ಹಿಡಿದರು.